ಟೀವಿಗೆ ಜೋಡಿಸುತ್ತಿದ್ದ ಕಂಪ್ಯೂಟರ್: ಮೊದಮೊದಲ ಮನೆ ಕಂಪ್ಯೂಟರುಗಳು ಹಾಗೇಕಿದ್ದವು?

1983ರ ಸುಮಾರಿಗೆ ಬ್ರಿಟನ್ನಿನ ಯಾವುದೋ ಮನೆಯ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಆಟ ಆಡಬೇಕು ಎಂದುಕೊಂಡ ಎನ್ನೋಣ. ಅವನು ಮಾಡಬೇಕಿದ್ದ ಮೊದಲ ಕೆಲಸ, ಮನೆಯವರನ್ನು ಟೀವಿಯ ಮುಂದಿನಿಂದ ಎಬ್ಬಿಸುವುದು! ಏಕೆಂದರೆ ಕಂಪ್ಯೂಟರಿಗೆ ತನ್ನದೇ ಆದ ಪರದೆ ಇರಲಿಲ್ಲ. ಟೀವಿಯ ಆಂಟೆನಾ ವೈರ್ ಕಿತ್ತು, ಆ ಜಾಗದಲ್ಲಿ ಕಂಪ್ಯೂಟರಿನ ವೈರ್ ಸಿಕ್ಕಿಸಿ, ಚಿತ್ರ ಬರುವವರೆಗೆ ಚಾನೆಲ್ ತಿರುಗಿಸಬೇಕು. ಆಮೇಲೆ ಹಾಡು ಕೇಳುವ ಟೇಪ್‌ರೆಕಾರ್ಡರನ್ನು ತಂದು ಜೋಡಿಸಿ, 'ಲೋಡ್' ಎಂಬ ಆದೇಶ ಕೊಟ್ಟು, ಕ್ಯಾಸೆಟ್ಟಿನ ಪ್ಲೇ ಬಟನ್ ಒತ್ತಬೇಕು. ಕಿವಿಗೆ ಚುಚ್ಚುವಂತಹ ಸದ್ದು ಶುರುವಾಗುತ್ತದೆ, ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತವೆ. ನಾಲ್ಕೈದು ನಿಮಿಷ ಕಾದ ಮೇಲೆ ಆಟ ಬರಬಹುದು. ಟೇಪ್‌ರೆಕಾರ್ಡರಿನ ವಾಲ್ಯೂಮ್ ಸರಿಯಿಲ್ಲದಿದ್ದರೆ ಬರದೆಯೂ ಇರಬಹುದು. ಆಗ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು.

ಇದನ್ನೆಲ್ಲ ಕೇಳಿದಾಗ ನಮಗೆ ಸಹಜವಾಗಿ ಬರುವ ಉತ್ತರ ಒಂದೇ: "ಪಾಪ, ಆಗ ತಂತ್ರಜ್ಞಾನ ಅಷ್ಟೇ ಇತ್ತು." ಈ ಉತ್ತರ ಸರಿಯಲ್ಲ.

ತಂತ್ರಜ್ಞಾನ ಇತ್ತು, ಬೆಲೆ ಇರಲಿಲ್ಲ

ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದಲ್ಲಿ 'ಆಲ್ಟೋ' ಎಂಬ ಕಂಪ್ಯೂಟರ್ ಕೆಲಸ ಶುರುಮಾಡಿದ್ದು 1973ರಲ್ಲಿ. ಅದಕ್ಕೆ ಮೌಸ್ ಇತ್ತು. ಹಾಳೆಯಂತೆ ಉದ್ದುದ್ದ ನಿಂತ, 606 × 808 ಚುಕ್ಕಿಗಳ ಪರದೆ ಇತ್ತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾಹಿತಿ ಕಳಿಸಲು ನೆಟ್‌ವರ್ಕ್ ಕೂಡ ಇತ್ತು. ಅಂದರೆ ಟೀವಿಗೆ ಸಿಕ್ಕಿಸುವ ರಬ್ಬರ್ ಕೀಲಿಯ ಕಂಪ್ಯೂಟರು ಅಂಗಡಿಗೆ ಬರುವ ಎಷ್ಟೋ ವರ್ಷ ಮೊದಲೇ, ಇವತ್ತಿನ ಕಂಪ್ಯೂಟರುಗಳ ಮೂಲ ಲಕ್ಷಣಗಳೆಲ್ಲ ಒಂದು ಕಡೆ ಸೇರಿದ್ದವು.

ಆದರೆ ಆಲ್ಟೋದ ಪರದೆಯ ಮೇಲಿನ ಚಿತ್ರವನ್ನು ನೆನಪಿಟ್ಟುಕೊಳ್ಳುವುದಕ್ಕೇ ಸುಮಾರು 60 ಕಿಲೋಬೈಟ್ ಮೆಮೊರಿ ಬೇಕಿತ್ತು. ಅಷ್ಟು ಮೆಮೊರಿಯ ಬೆಲೆಯಲ್ಲಿ ಸಾಮಾನ್ಯರ ಮನೆಗೆ ಏನನ್ನೂ ಮಾರುವಂತಿರಲಿಲ್ಲ. ಹಾಗಾಗಿ ಮನೆ ಕಂಪ್ಯೂಟರುಗಳನ್ನು ರೂಪಿಸಿದವರ ಮುಂದಿದ್ದ ಪ್ರಶ್ನೆ "ಕಂಪ್ಯೂಟರ್ ಹೇಗಿರಬೇಕು?" ಎಂಬುದಲ್ಲ. "ಇಷ್ಟು ದುಡ್ಡಿನೊಳಗೆ ಏನನ್ನೆಲ್ಲ ಬಿಟ್ಟುಬಿಡಬಹುದು?" ಎಂಬುದು. ಅವುಗಳ ಪ್ರತಿಯೊಂದು ವಿಚಿತ್ರದ ಹಿಂದೆಯೂ ಈ ಲೆಕ್ಕ ಇದೆ.

ಹಿನ್ನೆಲೆಯನ್ನು ಬೇಗ ನೋಡಿಬಿಡೋಣ. 1975ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ 'ಆಲ್ಟೇರ್ 8800' ಕಾಣಿಸಿಕೊಂಡಿತು. ಅದನ್ನು ಕಿಟ್ ರೂಪದಲ್ಲಿ ತರಿಸಿ ನಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬಹುದಿತ್ತು. 256 ಬೈಟ್ ಮೆಮೊರಿ, ಮುಂದೆ ಸ್ವಿಚ್ಚುಗಳು ಮತ್ತು ಪುಟ್ಟ ದೀಪಗಳು. ಅದೇ ವರ್ಷ ಮಾಸ್ ಟೆಕ್ನಾಲಜಿ ಕಂಪನಿ '6502' ಎಂಬ ಪ್ರಾಸೆಸರನ್ನು ಬರೀ 25 ಡಾಲರಿಗೆ ಮಾರಲು ಹೊರಟಿತು. ಅಂತಹ ಚಿಪ್‌ಗಳಿಗೆ ಆಗ ನೂರಾರು ಡಾಲರ್ ಬೆಲೆ ಇದ್ದುದರಿಂದ ಇದೇನೋ ಮೋಸ ಇರಬೇಕು ಎಂದು ಅನುಮಾನಪಟ್ಟವರೂ ಇದ್ದರು. 1977ರಲ್ಲಿ ಆಪಲ್ 2, ಕಮೋಡೋರ್ ಪೆಟ್ ಹಾಗೂ ಟಿಆರ್‌ಎಸ್-80 ಒಂದರ ಹಿಂದೊಂದು ಬಂದವು. ಇವು ಪೆಟ್ಟಿಗೆಯಿಂದ ತೆಗೆದು ಕೂಡಲೇ ಬಳಸಬಹುದಾದ ಕಂಪ್ಯೂಟರುಗಳು. ಆದರೆ ಆಪಲ್ 2ರ ಆರಂಭದ ಬೆಲೆ 1298 ಡಾಲರ್. ಅದೂ 4 ಕಿಲೋಬೈಟ್ ಮೆಮೊರಿಗೆ, ಪರದೆ ಇಲ್ಲದೆ! ಟಿಆರ್‌ಎಸ್-80 ಪರದೆಯ ಸಮೇತ 600 ಡಾಲರಿಗೆ ಸಿಗುತ್ತಿತ್ತು. ಎರಡೂ ಎಲ್ಲರ ಕೈಗೆಟುಕುವಂಥವಲ್ಲ.

ಬೆಲೆ ಮೊದಲು, ಕಂಪ್ಯೂಟರ್ ಆಮೇಲೆ

ಬೆಲೆಯ ಲೆಕ್ಕವನ್ನು ಕೊನೆಯ ಹಂತದವರೆಗೆ ಎಳೆದವರು ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್. ರೇಡಿಯೋ ಕಿಟ್, ಪುಟಾಣಿ ಕ್ಯಾಲ್ಕುಲೇಟರ್ ಮಾರಿ ಹೆಸರಾಗಿದ್ದ ಅವರ ಕಂಪನಿ 1980ರಲ್ಲಿ 'ಜೆಡ್‌ಎಕ್ಸ್80' ಎಂಬ ಕಂಪ್ಯೂಟರನ್ನು ತಂದಿತು. ಜೋಡಿಸಿ ಕೊಟ್ಟರೆ 99.95 ಪೌಂಡ್, ನಾವೇ ಜೋಡಿಸಿಕೊಂಡರೆ 79.95 ಪೌಂಡ್. ನೂರು ಪೌಂಡಿನ ಒಳಗೆ ಬೆಲೆ ಇರಬೇಕು ಎನ್ನುವುದೇ ಅದರ ವಿನ್ಯಾಸದ ಮೊದಲ ಸಾಲು.

ಪರದೆಯ ಖರ್ಚನ್ನು ಮನೆಯ ಟೀವಿಗೆ, ಮಾಹಿತಿ ಉಳಿಸಿಡುವ ಖರ್ಚನ್ನು ಮನೆಯ ಟೇಪ್‌ರೆಕಾರ್ಡರಿಗೆ ದಾಟಿಸಿದ್ದಾಯಿತು. ಆದರೂ ಒಂದು ತೊಂದರೆ ಉಳಿಯಿತು. ಟೀವಿ ಪರದೆಯ ಚಿತ್ರ ತಾನಾಗಿ ನಿಲ್ಲುವುದಿಲ್ಲ. ಬ್ರಿಟನ್ನಿನ (ನಮ್ಮಲ್ಲಿಯೂ) ಟೀವಿಗಳಲ್ಲಿ ಅದನ್ನು ಸೆಕೆಂಡಿಗೆ 50 ಬಾರಿ, ಗೆರೆಗೆರೆಯಾಗಿ, ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು. ಬೇರೆ ಕಂಪ್ಯೂಟರುಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಚಿಪ್‌ಗಳಿದ್ದವು. ಜೆಡ್‌ಎಕ್ಸ್80ರಲ್ಲಿ ಆ ಖರ್ಚೂ ಬೇಡವೆಂದು, ಲೆಕ್ಕ ಮಾಡಬೇಕಾದ ಜೆಡ್80 ಪ್ರಾಸೆಸರಿನಿಂದಲೇ ಚಿತ್ರವನ್ನೂ ಬರೆಸಿದರು. ಪರಿಣಾಮ ಏನಾಯಿತು ಗೊತ್ತೇ? ಪ್ರಾಸೆಸರ್ ಬೇರೆ ಕೆಲಸಕ್ಕೆ ಹೋದರೆ ಚಿತ್ರ ಮಾಯ! ಒಂದು ಕೀಲಿ ಒತ್ತಿದರೆ ಪರದೆ ಮಿಣಕ್ ಎನ್ನುತ್ತಿತ್ತು, ಪ್ರೋಗ್ರಾಮ್ ಓಡಿಸಿದರೆ ಅದು ಮುಗಿಯುವವರೆಗೆ ಏನೂ ಕಾಣುತ್ತಿರಲಿಲ್ಲ.

ಮರುವರ್ಷ ಬಂದ 'ಜೆಡ್‌ಎಕ್ಸ್81' ಇನ್ನೂ ಅಗ್ಗ: ಕಿಟ್‌ಗೆ 49.95 ಪೌಂಡ್, ಜೋಡಿಸಿದ್ದಕ್ಕೆ 69.95. ಹಿಂದಿನದರಲ್ಲಿ ಇಪ್ಪತ್ತೊಂದು ಚಿಪ್ ಇದ್ದರೆ ಇದರಲ್ಲಿ ನಾಲ್ಕೇ. ಇದನ್ನು ಸಾಧ್ಯವಾಗಿಸಿದ್ದು ಫೆರಾಂಟಿ ಕಂಪನಿಯ 'ಯುಎಲ್‌ಎ' ಎಂಬ ಚಿಪ್. ಹೊಸ ಚಿಪ್ಪೊಂದನ್ನು ಮೊದಲಿನಿಂದ ವಿನ್ಯಾಸ ಮಾಡಿಸುವುದು ಬಹಳ ದುಬಾರಿ. ಯುಎಲ್‌ಎ ಹಾಗಲ್ಲ. ಅಪಾರ್ಟ್‌ಮೆಂಟಿನಲ್ಲಿ ಗೋಡೆ-ತಾರಸಿ ಎಲ್ಲ ಮುಗಿದು ವೈರಿಂಗ್ ಮಾತ್ರ ಕೊಳ್ಳುವವರ ಇಷ್ಟಕ್ಕೆ ಬಿಟ್ಟಂತೆ, ಅದರೊಳಗಿನ ಬಿಡಿಭಾಗಗಳೆಲ್ಲ ಮೊದಲೇ ಸಿದ್ಧವಾಗಿರುತ್ತವೆ. ಅವುಗಳ ನಡುವಿನ ಸಂಪರ್ಕ ಮಾತ್ರ ಗ್ರಾಹಕರಿಗೆ ಬೇಕಾದ ಹಾಗೆ. ಬಿಡಿ ಚಿಪ್‌ಗಳ ಒಂದು ಗುಂಪು ಮಾಡುತ್ತಿದ್ದ ಕೆಲಸವನ್ನೆಲ್ಲ ಇದೊಂದೇ ವಹಿಸಿಕೊಂಡಿತು. ಚಿತ್ರ ಮಾಯವಾಗುವ ಕಾಟವೂ ತಪ್ಪಿತು, ಆದರೆ ಪುಕ್ಕಟೆಯಾಗಿ ಅಲ್ಲ. ಪರದೆಯ ಮೇಲಿನ ಮತ್ತು ಕೆಳಗಿನ ಖಾಲಿ ಅಂಚು ಮೂಡುವ ಹೊತ್ತಿನಲ್ಲಿ ಮಾತ್ರ ಪ್ರಾಸೆಸರಿಗೆ ಲೆಕ್ಕ ಮಾಡಲು ಪುರುಸೊತ್ತು. ಹಾಗಾಗಿ ವೇಗ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತಿತ್ತು. ವೇಗವೇ ಮುಖ್ಯ ಎನ್ನುವವರು 'ಫಾಸ್ಟ್' ಎಂಬ ಆದೇಶ ಕೊಟ್ಟು ಚಿತ್ರವನ್ನು ಬಿಟ್ಟುಕೊಡಬಹುದಿತ್ತು.

1024 ಬೈಟ್‌ಗಳ ಸಂಸಾರ

ಜೆಡ್‌ಎಕ್ಸ್81ರಲ್ಲಿ ಇದ್ದ ಮೆಮೊರಿ ಒಂದೇ ಒಂದು ಕಿಲೋಬೈಟ್, ಅಂದರೆ 1024 ಬೈಟ್. ಅದರಲ್ಲಿ 125 ಬೈಟ್ ಕಂಪ್ಯೂಟರಿನ ಸ್ವಂತ ಲೆಕ್ಕಪತ್ರಕ್ಕೆ ಹೋಗುತ್ತಿತ್ತು. ಪರದೆಯಲ್ಲಿ 24 ಸಾಲು, ಸಾಲಿಗೆ 32 ಅಕ್ಷರ. ಪ್ರತಿ ಸಾಲಿನ ಕೊನೆಗೊಂದು ಗುರುತು ಸೇರಿಸಿದರೆ ತುಂಬಿದ ಪರದೆಗೆ 793 ಬೈಟ್ ಬೇಕು. ಎರಡನ್ನೂ ಕಳೆದರೆ ಉಳಿಯುವುದು 106 ಬೈಟ್. ಅಷ್ಟರಲ್ಲಿ ಪ್ರೋಗ್ರಾಮ್ ಬರೆಯಬೇಕು!

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಡೀ ಯಂತ್ರದಲ್ಲೇ ಹೆಚ್ಚು ಇಷ್ಟ. ಖಾಲಿ ಸಾಲಿಗೆ 33 ಬೈಟ್ ಏಕೆ ಕೊಡಬೇಕು? 'ಸಾಲು ಮುಗಿಯಿತು' ಎಂಬ ಒಂದು ಬೈಟಿನ ಗುರುತು ಸಾಕಲ್ಲ? ಹೀಗೆ ಮಾಡಿದ್ದರಿಂದ ಖಾಲಿ ಪರದೆ ಬರೀ 25 ಬೈಟ್ ತೆಗೆದುಕೊಳ್ಳುತ್ತಿತ್ತು. ಪರದೆಯಲ್ಲಿ ಬರಹ ಹೆಚ್ಚಿದಂತೆ ಪ್ರೋಗ್ರಾಮಿಗೆ ಸಿಗುವ ಜಾಗ ಕಡಿಮೆ. ಪರದೆ ಖಾಲಿಯಿದ್ದಷ್ಟೂ ಜಾಗ ಹೆಚ್ಚು. ಈ ಇಕ್ಕಟ್ಟಿನಲ್ಲೇ ಡೇವಿಡ್ ಹಾರ್ನ್ ಎಂಬ ಪ್ರೋಗ್ರಾಮರ್ 672 ಬೈಟ್‌ಗಳಲ್ಲಿ ಚೆಸ್ ಆಡುವ ಪ್ರೋಗ್ರಾಮನ್ನು ಬರೆದರು. ಕ್ಯಾಸಲಿಂಗ್‌ನಂತಹ ಕೆಲವು ವಿಶೇಷ ನಡೆಗಳನ್ನು ಕೈಬಿಟ್ಟಿದ್ದರು, ನಿಜ. ಆದರೆ ಎದುರಾಳಿಯಾಗಿ ಕೂತು ಆಡುತ್ತಿತ್ತು.

ಎಲ್ಲ ಮಿತವ್ಯಯವೂ ಜಾಣತನವಾಗಿರಲಿಲ್ಲ ಎಂದೂ ಹೇಳಬೇಕು. ಜೆಡ್‌ಎಕ್ಸ್81ರ ಬೆನ್ನಿಗೆ ಸಿಕ್ಕಿಸುವ 16 ಕಿಲೋಬೈಟ್ ಮೆಮೊರಿ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಕೊಳ್ಳಬಹುದಿತ್ತು. ಕೀಲಿ ಒತ್ತುವಾಗ ಅದು ಕೊಂಚ ಅಲುಗಾಡಿದರೂ ಸಂಪರ್ಕ ತಪ್ಪಿ, ಗಂಟೆಗಟ್ಟಲೆ ಟೈಪ್ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅಂಟುಪಟ್ಟಿ, ಕ್ಲೇ ಮುಂತಾದವನ್ನು ಹಚ್ಚಿ ಜನ ಅದನ್ನು ಅಲುಗದಂತೆ ನಿಲ್ಲಿಸುತ್ತಿದ್ದರು. ಇದರಲ್ಲಿ ಮೆಚ್ಚುವಂಥದ್ದೇನೂ ಇಲ್ಲ. ಇದು ಕೆಟ್ಟ ವಿನ್ಯಾಸ, ಅಷ್ಟೇ. ಆದರೂ ಜೆಡ್‌ಎಕ್ಸ್81 ಹದಿನೈದು ಲಕ್ಷದಷ್ಟು ಮಾರಾಟವಾಯಿತು.

ಬಣ್ಣಕ್ಕೆಷ್ಟು ಬೈಟ್?

ಮೊದಲಿಗೆ ಹೇಳಿದ ರಬ್ಬರ್ ಕೀಲಿಗಳ, ಕಿರುಚುವ ಕ್ಯಾಸೆಟ್ಟಿನ ಕಂಪ್ಯೂಟರ್ 'ಜೆಡ್‌ಎಕ್ಸ್ ಸ್ಪೆಕ್ಟ್ರಮ್'. 1982ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಇದರಲ್ಲಿ 16 ಕಿಲೋಬೈಟಿನ ಮಾದರಿಗೆ 125 ಪೌಂಡ್, 48 ಕಿಲೋಬೈಟಿನದಕ್ಕೆ 175 ಪೌಂಡ್. ಯಂತ್ರಾಂಶ ರಿಚರ್ಡ್ ಆಲ್ಟ್‌ವಾಸರ್ ಅವರದು, ಒಳಗಿನ ಬೇಸಿಕ್ ಭಾಷೆ ಸ್ಟೀವ್ ವಿಕರ್ಸ್ ಅವರದು, ಹೊರಮೈ ರಿಕ್ ಡಿಕಿನ್ಸನ್ ಅವರದು.

ಸ್ಪೆಕ್ಟ್ರಮ್ ಬಣ್ಣದ ಚಿತ್ರ ತೋರಿಸಬೇಕಿತ್ತು. ಲೆಕ್ಕ ಹಾಕಿ ನೋಡಿ. ಪರದೆಯಲ್ಲಿ 256 × 192, ಅಂದರೆ 49,152 ಚುಕ್ಕಿಗಳು. ಪ್ರತಿ ಚುಕ್ಕಿಗೂ ಹದಿನಾರರಲ್ಲಿ ಒಂದು ಬಣ್ಣ ಎಂದರೆ ಚುಕ್ಕಿಗೆ 4 ಬಿಟ್ ಬೇಕು. ಒಟ್ಟು 24,576 ಬೈಟ್. ಅಗ್ಗದ ಮಾದರಿಯಲ್ಲಿ ಇದ್ದ ಇಡೀ ಮೆಮೊರಿಯೇ 16,384 ಬೈಟ್!

ಹಾಗಾಗಿ ಚುಕ್ಕಿ ಮತ್ತು ಬಣ್ಣವನ್ನು ಬೇರೆ ಬೇರೆ ಮಾಡಿದರು. ಚುಕ್ಕಿ ಇದೆಯೋ ಇಲ್ಲವೋ ಎನ್ನುವುದಕ್ಕೆ ಒಂದೊಂದು ಬಿಟ್: 6144 ಬೈಟ್. ಬಣ್ಣಕ್ಕೆ ಮಾತ್ರ ಪರದೆಯನ್ನು 8 × 8 ಚುಕ್ಕಿಗಳ 768 ಚೌಕಗಳಾಗಿ ಹಂಚಿ, ಚೌಕಕ್ಕೊಂದು ಬೈಟ್. ಒಟ್ಟು 6912 ಬೈಟ್‌ನಲ್ಲಿ ಬಣ್ಣದ ಪರದೆ ಸಿದ್ಧ. ಇದಕ್ಕೆ ತೆತ್ತ ಬೆಲೆಯೆಂದರೆ ಒಂದು ಚೌಕದೊಳಗೆ ಎರಡೇ ಬಣ್ಣ, ಒಂದು ಬರಹಕ್ಕೆ, ಇನ್ನೊಂದು ಹಿನ್ನೆಲೆಗೆ. ಕೆಂಪು ಅಂಗಿಯ ಹುಡುಗ ಹಸಿರು ಮರದ ಮುಂದೆ ಹಾದುಹೋದರೆ ಒಂದೋ ಮರದ ತುಂಡು ಕೆಂಪಾಗುತ್ತಿತ್ತು, ಇಲ್ಲವೇ ಹುಡುಗನ ತೋಳು ಹಸಿರಾಗುತ್ತಿತ್ತು. ಹಳೆಯ ಸ್ಪೆಕ್ಟ್ರಮ್ ಆಟಗಳ ವೀಡಿಯೋ ನೋಡಿದವರಿಗೆ ಬಣ್ಣ ಹೀಗೆ ಒಂದರ ಮೇಲೊಂದು ಚೆಲ್ಲಿದಂತೆ ಕಾಣುವುದು ಇದಕ್ಕೇ. ಟೀವಿ ಕೆಟ್ಟಿದ್ದೂ ಅಲ್ಲ, ಪ್ರೋಗ್ರಾಮರ್ ದಡ್ಡನೂ ಅಲ್ಲ. 1984ರ 'ನೈಟ್ ಲೋರ್' ಎಂಬ ಆಟ ರೂಪಿಸಿದವರು ಆಟದ ದೃಶ್ಯವನ್ನೆಲ್ಲ ಒಂದೇ ಬಣ್ಣದಲ್ಲಿ ಬರೆದು ಈ ತಲೆನೋವಿನಿಂದ ತಪ್ಪಿಸಿಕೊಂಡರು.

ಇನ್ನು 48 ಕಿಲೋಬೈಟ್ ಎಂಬ ವಿಚಿತ್ರ ಸಂಖ್ಯೆ. ಜೆಡ್80 ಪ್ರಾಸೆಸರಿಗೆ ಒಟ್ಟು 64 ಕಿಲೋಬೈಟ್ ಮಾತ್ರ ನೇರವಾಗಿ ಎಟುಕುತ್ತದೆ. ಅದರಲ್ಲಿ 16 ಬೇಸಿಕ್ ಇದ್ದ ರಾಮ್‌ಗೆ (ಬರೆಯಲಾಗದ, ಓದಲು ಮಾತ್ರ ಆಗುವ ಮೆಮೊರಿಗೆ) ಮೀಸಲು, ಉಳಿದದ್ದು 48. ಈ 48ರಲ್ಲಿ 16 ಎಲ್ಲ ಮಾದರಿಗಳಲ್ಲೂ ಇತ್ತು. ಮೇಲಿನ 32 ಕಿಲೋಬೈಟಿಗೆ ಬಳಸಿದ್ದು ಅರ್ಧ ಕೆಟ್ಟ ಚಿಪ್‌ಗಳನ್ನು! 64 ಕಿಲೋಬಿಟ್‌ನ ಮೆಮೊರಿ ಚಿಪ್ ಆಗಷ್ಟೇ ಬಂದಿದ್ದ ಕಾಲ. ತಯಾರಿಕೆಯಲ್ಲಿ ದೋಷ ಬಂದ ಎಷ್ಟೋ ಚಿಪ್‌ಗಳಲ್ಲಿ ಒಂದು ಅರ್ಧ ಮಾತ್ರ ಹಾಳಾಗಿ ಇನ್ನೊಂದು ಅರ್ಧ ಸರಿಯಾಗಿರುತ್ತಿತ್ತು. ಅಂಥವನ್ನು ಆರಿಸಿ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಒಂದೇ ಕಡೆಯ ಅರ್ಧ ಚೆನ್ನಾಗಿರುವ ಎಂಟು ಚಿಪ್ ಜೋಡಿಸಿ, ಯಾವ ಅರ್ಧ ಬಳಸಬೇಕೆಂದು ಬೋರ್ಡಿನಲ್ಲಿ ಒಂದು ತಂತಿ ತುಂಡಿನಿಂದ ಸೂಚಿಸಿದರೆ ಆಯಿತು. ಸಂತೆಯಲ್ಲಿ ಒಂದು ಬದಿ ಕೊಳೆತ ಹಣ್ಣನ್ನು ಕಡಿಮೆ ದುಡ್ಡಿಗೆ ತಂದು, ಒಳ್ಳೆಯ ಬದಿ ಕೊಯ್ದು ಬಳಸಿದ ಹಾಗೆ.

ಕೀಲಿಮಣೆಯದೂ ಇದೇ ಕಥೆ. ನಲವತ್ತು ಬಿಡಿ ಕೀಲಿಗಳ ಬದಲು ರಬ್ಬರಿನ ಒಂದೇ ಹಾಳೆ. ಅದರಲ್ಲಿ ವೇಗವಾಗಿ ಟೈಪ್ ಮಾಡುವುದು ಕಷ್ಟವಾದ್ದರಿಂದ ಬೇಸಿಕ್‌ನ ಪದಗಳನ್ನು ಕೀಲಿಗಳ ಮೇಲೆಯೇ ಮುದ್ರಿಸಿ, ಪಿ ಒತ್ತಿದರೆ 'ಪ್ರಿಂಟ್' ಎಂಬ ಇಡೀ ಪದವೇ ಬರುವಂತೆ ಮಾಡಿದ್ದರು. ಈ ಬರಹಕ್ಕಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್ ಎಮ್ಯುಲೇಟರ್ ತೆರೆದು, ಅಭ್ಯಾಸಬಲದಿಂದ ಪಿ-ಆರ್-ಐ-ಎನ್-ಟಿ ಎಂದು ಒತ್ತಿದೆ. 'ಪ್ರಿಂಟ್‌ರಿಂಟ್' ಎಂದು ಬಂತು.

ಕ್ಯಾಸೆಟ್ಟಿನ ಸದ್ದು? ಅದು ಪ್ರೋಗ್ರಾಮಿನದೇ ದನಿ. ಸೊನ್ನೆಯಾದರೆ ಸುಮಾರು 2000 ಹರ್ಟ್ಸ್‌ನ ಒಂದು ಅಲೆ, ಒಂದಾದರೆ ಸುಮಾರು 1000 ಹರ್ಟ್ಸ್‌ನ ಒಂದು ಅಲೆ. ಎರಡೂ ನಮ್ಮ ಕಿವಿಗೆ ಕೇಳುವ ಸ್ವರಗಳೇ. ಮನುಷ್ಯರ ದನಿ ಹಿಡಿಯಲು ಮಾಡಿದ ಟೇಪ್‌ರೆಕಾರ್ಡರ್ ಇವನ್ನು ಸಲೀಸಾಗಿ ಹಿಡಿಯುತ್ತಿತ್ತು. ಈ ವೇಗದಲ್ಲಿ ಒಂದು ಪರದೆಯ ಚಿತ್ರ ಬರಲು 40 ಸೆಕೆಂಡ್, 48 ಕಿಲೋಬೈಟ್ ತುಂಬಲು ಐದು ನಿಮಿಷಕ್ಕೆ ಕೊಂಚ ಕಡಿಮೆ. ಅಂಚಿನಲ್ಲಿ ಓಡುವ ಪಟ್ಟೆಗಳು ಕಂಪ್ಯೂಟರ್ ಕೆಟ್ಟ ಲಕ್ಷಣವಲ್ಲ, ಸದ್ದು ಒಳಗೆ ಬರುತ್ತಿದೆ ಎಂಬ ಸೂಚನೆ.

ಇನ್ನೊಂದು ಉತ್ತರ

ಇದೇ ಹೊತ್ತಿಗೆ, ಅದೇ ಕೇಂಬ್ರಿಜ್ ಊರಿನಲ್ಲಿ, ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟವರಿದ್ದರು. ಹಿಂದೆ ಸಿಂಕ್ಲೇರ್ ಜೊತೆ ಕೆಲಸ ಮಾಡಿದ್ದ ಕ್ರಿಸ್ ಕರಿ, ಹರ್ಮನ್ ಹೌಸರ್ ಜೊತೆ ಸೇರಿ ಕಟ್ಟಿದ ಏಕಾರ್ನ್ ಕಂಪನಿ 1981ರ ಕೊನೆಗೆ 'ಬಿಬಿಸಿ ಮೈಕ್ರೋ' ತಂದಿತು. ಜನರಿಗೆ ಕಂಪ್ಯೂಟರ್ ಕಲಿಸಲು ಬಿಬಿಸಿ ಹಮ್ಮಿಕೊಂಡ ಟೀವಿ ಕಾರ್ಯಕ್ರಮದ ಜೋಡಿ ಇದು.

ಸ್ಪೆಕ್ಟ್ರಮ್‌ನಲ್ಲಿ ಪ್ರಾಸೆಸರ್ ಮತ್ತು ಚಿತ್ರ ಬರೆಯುವ ಯುಎಲ್‌ಎ ಎರಡಕ್ಕೂ ಒಂದೇ ಮೆಮೊರಿ ಬೇಕಾದಾಗ, ಒಂದೇ ನಲ್ಲಿಗೆ ಇಬ್ಬರು ಕೊಡ ಹಿಡಿದು ಬಂದಂತಾಗಿ ಪ್ರಾಸೆಸರ್ ಕಾಯಬೇಕಾಗುತ್ತಿತ್ತು. ಏಕಾರ್ನ್‌ನವರು ಪ್ರಾಸೆಸರಿಗಿಂತ ಎರಡು ಪಟ್ಟು ವೇಗದ ಮೆಮೊರಿ ಹಾಕಿ, ಒಂದು ಸರದಿ ಪ್ರಾಸೆಸರಿಗೆ, ಇನ್ನೊಂದು ಚಿತ್ರಕ್ಕೆ ಎಂದು ಹಂಚಿಬಿಟ್ಟರು. ಯಾರೂ ಕಾಯಬೇಕಿಲ್ಲ. ಕೀಲಿಮಣೆಯೂ ನಿಜವಾದದ್ದು. ಆದರೆ 32 ಕಿಲೋಬೈಟಿನ 'ಮಾಡೆಲ್ ಬಿ'ಗೆ ಘೋಷಿಸಿದ ಬೆಲೆ 335 ಪೌಂಡ್, ಸ್ಪೆಕ್ಟ್ರಮ್‌ನ ಹತ್ತಿರ ಹತ್ತಿರ ಎರಡರಷ್ಟು. ಇಷ್ಟಾದರೂ ಮೆಮೊರಿಯ ಇಕ್ಕಟ್ಟು ತಪ್ಪಲಿಲ್ಲ: ಹೆಚ್ಚು ಬಣ್ಣಗಳ ಪರದೆ ಬೇಕೆಂದರೆ 32ರಲ್ಲಿ 20 ಕಿಲೋಬೈಟ್ ಅದಕ್ಕೇ ಹೋಗುತ್ತಿತ್ತು. ಬ್ರಿಟನ್ನಿನ ಶಾಲೆಗಳಲ್ಲಿ ಬಿಬಿಸಿ ಮೈಕ್ರೋ ಗೆದ್ದಿತು. ಮನೆಗಳಲ್ಲಿ, ಐವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಸ್ಪೆಕ್ಟ್ರಮ್.

ಭಾರತಕ್ಕೆ ಸರ್ಕಾರದ ಮೂಲಕ ಬಂದದ್ದು ಶಾಲೆಯ ಕಂಪ್ಯೂಟರೇ. 1984-85ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ಕ್ಲಾಸ್' ಯೋಜನೆಯಲ್ಲಿ ದೇಶದ ಆಯ್ದ ಪ್ರೌಢಶಾಲೆಗಳಿಗೆ ಬಿಬಿಸಿ ಮೈಕ್ರೋಗಳು ಹೋದವು. ಎಂಬತ್ತರ ದಶಕದಲ್ಲಿ ಶಾಲೆಯಲ್ಲಿ ಮೊದಲ ಬಾರಿಗೆ ಕಂಪ್ಯೂಟರ್ ಮುಟ್ಟಿದೆ ಎನ್ನುವ ಹಿರಿಯರನ್ನು ಕೇಳಿ ನೋಡಿ. ಕಪ್ಪು ಕೀಲಿಗಳ ಸಾಲಿನ ಮೇಲೆ ಒಂದು ಸಾಲು ಕೆಂಪು ಕೀಲಿ ಇದ್ದದ್ದು ನೆನಪಿದ್ದರೆ ಅದು ಇದೇ.

ಆದರೆ 8 × 8 ಚೌಕದ ಲೆಕ್ಕ ನಮ್ಮ ಕನ್ನಡಕ್ಕೆ ಹೊಂದುವಂಥದ್ದಲ್ಲ. ಇಂಗ್ಲಿಷಿನ ಒಂದಕ್ಷರ ಒಂದು ಚೌಕದಲ್ಲಿ ಆರಾಮವಾಗಿ ಕೂರುತ್ತದೆ. 'ಲಕ್ಷ್ಮೀ'ಯ ಕ್ಷ್ಮೀಯನ್ನು ಎಂಟು ಚುಕ್ಕಿ ಎತ್ತರದಲ್ಲಿ ಬರೆಯಲು ಒಮ್ಮೆ ಚೌಕಳಿ ಹಾಳೆಯಲ್ಲಿ ಪ್ರಯತ್ನಿಸಿ! ಒತ್ತಕ್ಷರಕ್ಕೆ ಕೆಳಗೆ ಜಾಗ ಇಲ್ಲ, ದೀರ್ಘಕ್ಕೆ ಪಕ್ಕದಲ್ಲಿ ಇಲ್ಲ. ಸ್ಪೆಕ್ಟ್ರಮ್‌ನಲ್ಲಿ ಬಳಕೆದಾರರೇ ರೂಪಿಸಿಕೊಳ್ಳಲು ಸುಲಭವಾಗಿ ಸಿಗುತ್ತಿದ್ದ ಅಕ್ಷರಗಳು 21. ಕನ್ನಡದ ಬರೀ ಗುಣಿತಾಕ್ಷರಗಳೇ ನಾನೂರು ದಾಟುತ್ತವೆ. ಬೆಲೆ ಇಳಿಸಲು ಬಿಟ್ಟುಬಿಟ್ಟವುಗಳ ಪಟ್ಟಿಯಲ್ಲಿ ನಮ್ಮ ಲಿಪಿಯೂ ಇತ್ತು. ಅದನ್ನು ಬೇಕೆಂದೇ ಯಾರೂ ತೆಗೆದುಹಾಕಿರಲಿಲ್ಲ, ಲೆಕ್ಕಕ್ಕೇ ಬಂದಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಭಾರತೀಯ ಲಿಪಿಗಳಿಗೆಂದೇ ಪ್ರತ್ಯೇಕ ಕಾರ್ಡನ್ನು ಪೀಸಿಯೊಳಗೆ ಸೇರಿಸಬೇಕಾಗಿ ಬಂದದ್ದು ಈ ಕಾರಣಕ್ಕೇ.

ಎಂಬತ್ತರ ದಶಕದ ನಡುವಿನ ಹೊತ್ತಿಗೆ ಮೆಮೊರಿ ಅಗ್ಗವಾಯಿತು, ಇಷ್ಟೊಂದು ಕಂಜೂಸಿತನದ ಅಗತ್ಯ ಕಡಿಮೆಯಾಯಿತು. 1986ರಲ್ಲಿ ಸಿಂಕ್ಲೇರ್ ತಮ್ಮ ಕಂಪ್ಯೂಟರ್ ವ್ಯವಹಾರವನ್ನು ಆಮ್‌ಸ್ಟ್ರಾಡ್ ಕಂಪನಿಗೆ ಮಾರಿದರು. ಏಕಾರ್ನ್‌ನಲ್ಲಿ ಬಿಬಿಸಿ ಮೈಕ್ರೋ ವಿನ್ಯಾಸ ಮಾಡಿದ್ದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮಾತ್ರ ಅದೇ ಮಿತವ್ಯಯದ ಅಭ್ಯಾಸದಲ್ಲಿ ಒಂದು ಪುಟ್ಟ, ಸರಳ ಪ್ರಾಸೆಸರ್ ರೂಪಿಸಿದರು. ಅದರ ಮೊದಲ ಚಿಪ್ 1985ರ ಏಪ್ರಿಲ್‌ನಲ್ಲಿ ಕೆಲಸ ಮಾಡಿತು. ಹೆಸರು 'ಆರ್ಮ್'. ನೀವು ಇದನ್ನು ಮೊಬೈಲಿನಲ್ಲಿ ಓದುತ್ತಿದ್ದರೆ, ಅದರೊಳಗಿರುವುದು ಬಹುಮಟ್ಟಿಗೆ ಅದರದೇ ವಂಶದ ಪ್ರಾಸೆಸರ್.

ಹಳೆಯ ಸ್ಪೆಕ್ಟ್ರಮ್ ಜೋಪಾನ ಮಾಡಿಕೊಂಡಿರುವ ಹವ್ಯಾಸಿಗಳು ಇವತ್ತು ಟೇಪ್‌ರೆಕಾರ್ಡರ್ ಹುಡುಕುವುದಿಲ್ಲ. ಕ್ಯಾಸೆಟ್ಟಿನ ಸದ್ದನ್ನು ಆಡಿಯೋ ಫೈಲ್ ಮಾಡಿ, ಫೋನನ್ನು ವೈರಿನಿಂದ ಸ್ಪೆಕ್ಟ್ರಮ್‌ಗೆ ಜೋಡಿಸಿ, ಅದರಿಂದಲೇ ಪ್ಲೇ ಮಾಡುತ್ತಾರೆ. ಆಟ ಬರಲು ಈಗಲೂ ನಾಲ್ಕೈದು ನಿಮಿಷ ಬೇಕು, ವಾಲ್ಯೂಮ್ ಈಗಲೂ ಸರಿಯಾಗಿರಬೇಕು.